ಮೂರನೆಯ ಕೊಳವೆ

ಅಕ್ಟೋಬರ್ 3, ಭಾನುವಾರ

ಈ ನೋಟ್‌ಬುಕ್ಕನ್ನು ಈರುಳ್ಳಿ ಮೂಟೆಯ ಕೆಳಗೆ ಇಡುತ್ತೇನೆ. ಮೂಟೆಯ ಬಾಯಿಗೆ ನನ್ನದೇ ಗಂಟು ಹಾಕಿದ್ದೇನೆ. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೇಬಲ್ ಎಳೆದವನ ಗಂಟು ಇದು. ಬಿಚ್ಚಿದವನು ಮತ್ತೆ ಹಾಗೇ ಕಟ್ಟಲಾರ, ಸಿಕ್ಕಿಬೀಳುತ್ತಾನೆ.

ಇವತ್ತಿನಿಂದ ನಾನು ಮೇಲ್ವಿಚಾರಕ. ನಿನ್ನೆಯವರೆಗೂ ಕಾವಲುಗಾರ ಎನ್ನುತ್ತಿದ್ದಳು ನಜ್ಲಾ. ನಾನು ಮುಖ ದಪ್ಪ ಮಾಡಿಕೊಂಡೆ, ಹುದ್ದೆ ಬದಲಾಯಿತು, ಕೆಲಸ ಅದೇ. ನಜ್ಲಾ ತೀರಿಹೋದ ನನ್ನ ಅಣ್ಣನ ಮಗಳು. ಕೈರೋದಲ್ಲಿದ್ದ ನೌಕರಿ ಬಿಟ್ಟು ತನ್ನದೇ ಹೆಸರಿನಲ್ಲಿ ಮೊದಲ ಗುತ್ತಿಗೆ ಹಿಡಿದಿದ್ದಾಳೆ. ಕೈರೋ ಹೊರವಲಯದ ಒಬೂರ್ ಆಚೆಗಿನ ಮರಳಿನಲ್ಲಿ ಸಕ್ಕರೆ ಕಾರ್ಖಾನೆ ನೌಕರರ ವಸತಿ ಸಂಘ ಹನ್ನೊಂದು ಕಟ್ಟಡ ಎಬ್ಬಿಸಿದೆ. ಆ ಮನೆಗಳಿಗೆ ಫೈಬರ್ ಇಂಟರ್ನೆಟ್ ಬರುವ ದಾರಿ ಮಾಡುವುದು ಇವಳ ಕೆಲಸ.

ಒಪ್ಪಂದ ಹೀಗಿದೆ. ಗೇಟಿನಿಂದ ಹನ್ನೊಂದೂ ಕಟ್ಟಡಗಳವರೆಗೆ ನೆಲದಡಿ ಮೂರು ಕೊಳವೆ ಹಾಕುವ ಖರ್ಚು ನಜ್ಲಾಳದು. ಒಂದು ಸಂಘದ ಸ್ವಂತಕ್ಕೆ. ಎರಡನೆಯದು ಈಗ ಬರುವ ಕಂಪನಿಗೆ. ಮೂರನೆಯದು ಖಾಲಿ. ನಾಳೆ ಇನ್ನೊಂದು ಕಂಪನಿ ಬಂದರೆ ಅದರೊಳಗೆ ತನ್ನ ಕೇಬಲ್ ತೂರಿಸಿ ನಜ್ಲಾಳಿಗೆ ಬಾಡಿಗೆ ಕೊಡುತ್ತದೆ, ಮನೆಯವರು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತಾರೆ.

“ಮೂರನೇದು ಖಾಲಿ ಇದ್ರೇನೇ ನಮ್ಮ ವ್ಯಾಪಾರ, ಚಿಕ್ಕಪ್ಪ,” ಅಂದಳು. “ಇವನು ಸರಿಯಿಲ್ಲ ಅಂದ್ರೆ ಇನ್ನೊಬ್ಬ ಬರೋಕೆ ದಾರಿ ಇರ್ಬೇಕು. ಅದಕ್ಕೇ ಸಂಘದೋರು ನಮ್ಮನ್ನ ಒಪ್ಪಿರೋದು.”

ಖಾಲಿ ಕೊಳವೆಗೆ ಬಾಡಿಗೆಯಂತೆ! ಮೀಸೆಯೊಳಗೇ ನಕ್ಕೆ. ಓದಿದ ಹುಡುಗಿ, ಏನೋ ಹೇಳುತ್ತಾಳೆ.

ಇಪ್ಪತ್ತನೇ ತಾರೀಖು ಸಂಘದವರ ಎದುರು ಪರೀಕ್ಷೆ. ಮೂರೂ ಕೊಳವೆಗಳಲ್ಲಿ ಗಾಳಿಯಂತ್ರದಿಂದ ಊದಿದ ಗುಂಡು ಈ ತುದಿಯಿಂದ ಆ ತುದಿಗೆ ಹೋಗಬೇಕು. ಹೋದರೆ ನಜ್ಲಾಳಿಗೆ ಹದಿನೈದು ವರ್ಷದ ಬಾಡಿಗೆ ಹಕ್ಕಿಗೆ ಸಂಘದ ರುಜು. ಹೋಗದಿದ್ದರೆ ಬೇರೊಂದು ದೊಡ್ಡ ಕಂಪನಿ ಬಾಯಿ ತೆರೆದು ಕೂತಿದೆ. ಎಲ್ಲ ಪುಕ್ಕಟೆ ಮಾಡಿಕೊಡುತ್ತೇವೆ, ಆದರೆ ಇಪ್ಪತ್ತು ವರ್ಷ ಬೇರೆ ಯಾರೂ ಗೇಟು ದಾಟಬಾರದು ಎನ್ನುವುದು ಅವರ ಮಾತು. ಆಗ ನಮ್ಮ ಹುಡುಗಿ ಹೂತಿಟ್ಟ ಕೊಳವೆಗಳು ಸಂಘದ ನೆಲದಲ್ಲೇ ಉಳಿಯುತ್ತವೆ, ಅವಳು ಬರಿಗೈಯಲ್ಲಿ ಮನೆಗೆ.

ನಾನು ಇರುವವರೆಗೆ ಅದು ಆಗದು.

ಅಕ್ಟೋಬರ್ 5, ಮಂಗಳವಾರ

ದೊಡ್ಡ ಕಂಪನಿಯ ಶಾಕಿರ್ ಬಂದಿದ್ದ. ಬೂಟಿನ ಮೇಲೆ ಮರಳೇ ಕೂರದ ಮನುಷ್ಯ. ಈ ಜಾಗದಲ್ಲಿ ಅದು ಹೇಗೆ ಸಾಧ್ಯ? ಕೈಯಲ್ಲಿ ಬಸ್‌ಬೂಸಾ ಡಬ್ಬಿ.

“ಉಸ್ತಾ ಬಯ್ಯೂಮಿ ಅಂದ್ರೆ ನೀವೇ ಅಲ್ವಾ? ನಿಮ್ಮ ಹೆಸರು ತುಂಬ ಕೇಳಿದ್ದೀನಿ.”

ಕೇಳಿರಲೇಬೇಕು. ಕಸುಬಿನಲ್ಲಿ ಪಳಗಿದವನಿಗೇ ಉಸ್ತಾ ಎನ್ನುವುದು. ಜಗಾಜಿಗ್‌ನಿಂದ ಇಸ್ಮಾಯಿಲಿಯಾದವರೆಗೆ ನನ್ನ ಕೈ ತಾಗದ ಟೆಲಿಫೋನ್ ಕಂಬವಿಲ್ಲ. ಆದರೆ ಇವನಿಗೆ ಹೇಳಿದವರು ಯಾರು?

“ಕೇಳಿದ್ರೆ ಸರಿ,” ಅಂದೆ. “ಸಿಹಿ ಯಾವ ಸಂತೋಷಕ್ಕೆ?”

“ಹೀಗೇ ಬಂದೆ, ಉಸ್ತಾ. ಅಕ್ಕಪಕ್ಕದೋರು ನಾವು.”

“ನಿಮ್ಮ ಆಫೀಸು ಮಆದಿಯಲ್ಲಿ. ಇಲ್ಲಿಂದ ಒಂದೂವರೆ ಗಂಟೆ ದಾರಿ. ಎಂಥ ಅಕ್ಕಪಕ್ಕ?”

ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ. ಅವನ ಚಹಾಕ್ಕೆ ಸಕ್ಕರೆ ಬದಲು ಒಂದು ಚಮಚ ಉಪ್ಪು ಹಾಕಿ ಕೊಟ್ಟೆ. ಪೂರ್ತಿ ಕುಡಿದ! ಮುಖ ಕೂಡ ಕಿವುಚಲಿಲ್ಲ. ಉಪ್ಪಿನ ಚಹಾ ಕುಡಿದು ಥ್ಯಾಂಕ್ಸ್ ಹೇಳುವವನು ಏನು ಬೇಕಾದರೂ ಮಾಡಬಲ್ಲ. ಬಸ್‌ಬೂಸಾವನ್ನು ಮೊದಲು ಬೆಕ್ಕಿಗೆ ಹಾಕಿ, ಅರ್ಧ ಗಂಟೆ ಕಾದು, ಆಮೇಲೆ ತಿಂದೆ. ಚೆನ್ನಾಗಿತ್ತು.

ಅಕ್ಟೋಬರ್ 8, ಶುಕ್ರವಾರ

ಇವತ್ತು ಸಿಕ್ಕಿತು ಬಾಲ.

ಜುಮ್ಮಾ ನಮಾಜು ಮುಗಿಸಿ ಕೊಶರಿ ತಿನ್ನೋಣವೆಂದು ಅಂಗಡಿಗೆ ಹೋದರೆ ಮೂಲೆಯ ಮೇಜಿನಲ್ಲಿ ಶಾಕಿರ್. ಎದುರಿಗೆ ಯಾರು? ನಮ್ಮ ಇಂಜಿನಿಯರ್ ಇಹಾಬ್! ನಜ್ಲಾ ಕೈರೋದಿಂದ ಕರೆದುಕೊಂಡು ಬಂದ ಇಹಾಬ್. ದಿನವಿಡೀ ಮೂರು ಮಾತಾಡದ ಇಹಾಬ್. ಶಾಕಿರ್ ಮಾತಾಡುತ್ತಿದ್ದ, ಇವನು ತಟ್ಟೆ ನೋಡುತ್ತಾ ತಲೆ ಆಡಿಸುತ್ತಿದ್ದ. ಹೌದೆಂದು ಆಡಿಸಿದನೋ ಇಲ್ಲವೆಂದು ಆಡಿಸಿದನೋ ಬಾಗಿಲ ಮರೆಯಿಂದ ಕಾಣಲಿಲ್ಲ. ಹೌದೆಂದೇ ಇರಬೇಕು.

ಮೊದಲೇ ನನಗೆ ಈ ಹುಡುಗನ ಮೇಲೆ ಕಣ್ಣಿತ್ತು. ಸದಾ ಒಂದು ನೀಲಿ ಪುಸ್ತಕದಲ್ಲಿ ಏನೋ ಬರೆಯುತ್ತಾನೆ. ಅವನು ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡಲು ಹೋದಾಗ ತೆಗೆದು ನೋಡಿದ್ದೇನೆ. ಬರೀ ಅಂಕಿಗಳು. ಗೇಟಿನಿಂದ ಎರಡನೇ ಕಟ್ಟಡಕ್ಕೆ ಇಷ್ಟು ಮೀಟರ್, ಎರಡರಿಂದ ನಾಲ್ಕಕ್ಕೆ ಇಷ್ಟು. ಒಳ್ಳೆಯ ಮನುಷ್ಯನಿಗೆ ಅಷ್ಟೊಂದು ಅಂಕಿ ಯಾಕೆ?

ಅಕ್ಟೋಬರ್ 11, ಸೋಮವಾರ

ಇವತ್ತು ಮಾಡಿದ ಕೆಲಸವನ್ನು ಈ ಪುಸ್ತಕಕ್ಕೆ ಬಿಟ್ಟು ಯಾರಿಗೂ ಹೇಳುವುದಿಲ್ಲ.

ಖಾಲಿ ಕೊಳವೆ ಅಂದರೆ ತೆರೆದ ಬಾಗಿಲು. ನಮ್ಮ ಕಾಲದಲ್ಲಿ ಸಂಜೆ ಕೆಲಸ ಬಿಡುವಾಗ ಖಾಲಿ ಕೊಳವೆಯ ಬಾಯಿ ಮುಚ್ಚದೆ ಹೋದವನಿಗೆ ಅರ್ಧ ಸಂಬಳ ಕಡಿತ. ಇಲಿ ನುಗ್ಗುತ್ತದೆ, ಮರಳು ನುಗ್ಗುತ್ತದೆ, ಹಗಲು ನೋಡಿಕೊಂಡು ಹೋದ ಪರರ ಕೇಬಲ್ಲೂ ನುಗ್ಗುತ್ತದೆ. ಶಾಕಿರ್ ಈಗ ಮೂರನೆಯದರಲ್ಲಿ ತನ್ನ ಕೇಬಲ್ ನುಗ್ಗಿಸಿ, “ನಾನಾಗಲೇ ಒಳಗಿದ್ದೇನಲ್ಲ” ಎಂದರೆ? ಇಹಾಬ್ ಎಲ್ಲ ಅಳತೆ ಕೊಟ್ಟಾಗಿದೆ!

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಟ್ಟಡಗಳ ಮುಂದಿನ ನಾಲ್ಕು ಕೇಬಲ್ ಗುಂಡಿಗಳ ಮುಚ್ಚಳ ತೆಗೆದೆ. ಮೂರನೆಯ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಮೇಲೆ ಜಿಪ್ಸಂ ಕಲಸಿ ಹೊಡೆದು, ಕೋಲಿನಿಂದ ಒಂದು ತೋಳಿನಷ್ಟು ಒಳಕ್ಕೆ ತಳ್ಳಿದೆ. ಹೊರಗಿನಿಂದ ನೋಡಿದರೆ ಖಾಲಿ! ಎರಡನೇ ಕಟ್ಟಡದ ಮುಂದೆ ನನ್ನ ಹಳೆಯ ಪಟ್ಟೆ ನಿಲುವಂಗಿ. ನಾಲ್ಕರ ಮುಂದೆ ಹಸಿರು ಪರದೆ (ಊರಿನಲ್ಲಿ ನನ್ನ ಹೆಂಡತಿ ಸನಿಯ್ಯಾ ಇನ್ನೂ ಹುಡುಕುತ್ತಿದ್ದಾಳೆ). ಏಳಕ್ಕೆ ಹಿಟ್ಟಿನ ಚೀಲ. ಒಂಬತ್ತಕ್ಕೆ ಇನ್ನೊಮ್ಮೆ ನಿಲುವಂಗಿ, ತೋಳಿನ ಭಾಗ.

ನಜ್ಲಾಳಿಗೆ ಹೇಳಿದರೆ ಅವಳು ಇಹಾಬನಿಗೆ ಹೇಳುತ್ತಾಳೆ. ಇಹಾಬನಿಗೆ ಗೊತ್ತಾದದ್ದು ಶಾಕಿರನಿಗೆ ಗೊತ್ತಾದ ಹಾಗೆ. ಪರೀಕ್ಷೆ ಮೂರಕ್ಕೂ ಎಂದು ಕಾಗದದಲ್ಲಿದೆ, ನಿಜ, ಆದರೆ ಕೇಬಲ್ ಬರುವ ಕೊಳವೆಯೇ ಮುಖ್ಯ, ಖಾಲಿಯದನ್ನು ಯಾರು ಕೇಳುತ್ತಾರೆ? ಕೇಳಿದರೂ ಕೋಲಿನಿಂದ ಒಂದು ಗುದ್ದು ಸಾಕು.

ಇಲಾಖೆ ನನ್ನನ್ನು ನಿವೃತ್ತಿ ಮಾಡಿ ತಪ್ಪು ಮಾಡಿತು.

ಅಕ್ಟೋಬರ್ 13, ಬುಧವಾರ

ನಜ್ಲಾಳ ಜೊತೆ ಜಗಳ.

“ಇಹಾಬ್ ಶಾಕಿರನ ಜೊತೆ ಕೊಶರಿ ತಿಂದಿದ್ದಾನೆ,” ಅಂದೆ.

“ಗೊತ್ತು. ಅವನೇ ಹೇಳ್ದ.”

“ಹೇಳ್ತಾನೆ! ಅರ್ಧ ಹೇಳಿ ಅರ್ಧ ಮುಚ್ಚಿಡೋದೇ ಅವರ ಚಾಳಿ.”

“ಚಿಕ್ಕಪ್ಪ, ಶಾಕಿರ್ ಅವನಿಗೆ ನಾನು ಕೊಡೋದಕ್ಕಿಂತ ದುಪ್ಪಟ್ಟು ಸಂಬಳದ ಕೆಲಸ ಕೊಡ್ತೀನಂದ. ಇವನು ಆಗಲ್ಲ ಅಂತ ಎದ್ದು ಬಂದ. ಕೊಶರಿ ದುಡ್ಡೂ ತಾನೇ ಕೊಟ್ಟು ಬಂದಿದ್ದಾನೆ. ನೀನು ಬಾಗಿಲ ಹಿಂದೆ ನಿಂತಿದ್ದೆಯಂತೆ. ‘ನಿಮ್ಮ ಚಿಕ್ಕಪ್ಪ ನಿಂತಿದ್ರು, ಊಟಕ್ಕೆ ಕರೆಯೋಣ ಅನ್ನೋಷ್ಟರಲ್ಲಿ ಹೋಗ್ಬಿಟ್ರು’ ಅಂದ.”

ನನ್ನನ್ನು ನೋಡಿದ್ದಾನೆ, ನೋಡದವನ ಹಾಗೆ ಕೂತಿದ್ದ! ಎಷ್ಟು ಆಳದ ಮನುಷ್ಯ! ಅದನ್ನೂ ಹೇಳಿದೆ. ಅವಳು ಹಣೆ ಒತ್ತಿಕೊಂಡು ಕಾರು ಹತ್ತಿದಳು. ಹುಡುಗಿ ಸೊರಗಿದ್ದಾಳೆ.

ಅಕ್ಟೋಬರ್ 17, ಭಾನುವಾರ

ಶಾಕಿರ್ ಮೌಲಿದ್ ಹಬ್ಬದ ಸಿಹಿ ತಂದು ಸಂಘದ ಅಧ್ಯಕ್ಷ ಹಾಜಿ ಫಿಕ್ರಿಗೆ ದೊಡ್ಡ ಡಬ್ಬಿ, ನನಗೆ ಸಣ್ಣ ಡಬ್ಬಿ ಕೊಟ್ಟ. ಸಣ್ಣದು ಯಾಕೆ?

ಹಾಜಿ ಫಿಕ್ರಿ ಸಕ್ಕರೆ ಕಾರ್ಖಾನೆಯಲ್ಲಿ ತೂಕದ ವಿಭಾಗದಲ್ಲಿದ್ದವರು. ಮನುಷ್ಯರನ್ನೂ ಹಾಗೇ ನೋಡುತ್ತಾರೆ, ಕಣ್ಣಲ್ಲೇ ತೂಗುತ್ತಾರೆ. ಸೂಯೆಜ್ ರಸ್ತೆಯ ಕೇಬಲನ್ನು ನಾನೊಬ್ಬನೇ ಮೂರು ದಿನದಲ್ಲಿ ಎಳೆದ ಕಥೆ ಹೇಳಿದೆ. “ಹೋದ ವಾರ ನಾಲ್ಕು ದಿನ ಅಂದಿದ್ರಿ, ಉಸ್ತಾ,” ಅಂದರು. ಅಂಥವರ ಕೈಯಲ್ಲಿ ನಮ್ಮ ಹುಡುಗಿಯ ಹಣೆಬರಹ.

ಅಕ್ಟೋಬರ್ 20, ಬುಧವಾರ

ಪರೀಕ್ಷೆ ನಡೆಯಿತು. ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಹಾಜಿ ಫಿಕ್ರಿ ಮತ್ತು ಸಂಘದ ನಾಲ್ವರು ಹನ್ನೊಂದನೇ ಕಟ್ಟಡದ ಗುಂಡಿಯ ಸುತ್ತ ಕುರ್ಚಿ ಹಾಕಿ ಕೂತರು. ಶಾಕಿರನೂ ಬಂದಿದ್ದ. ಗೇಟಿನ ಹತ್ತಿರ ಇಹಾಬ್ ಗಾಳಿಯಂತ್ರ ಚಾಲೂ ಮಾಡಿದ. ಮೊದಲ ಕೊಳವೆಯಿಂದ ಗುಂಡು ಟಪ್ಪೆಂದು ಹೊರಬಿತ್ತು. ಎರಡನೆಯದರಿಂದಲೂ. ನಾನು ಶಾಕಿರನ ಕಡೆ ನೋಡಿ ಮೀಸೆ ತಿರುವಿದೆ.

ಆಮೇಲೆ ಇಹಾಬ್ ಅಲ್ಲಿಂದ ಫೋನ್ ಮಾಡಿ, “ಮೂರನೇದು ಬಿಡ್ತಿದ್ದೀನಿ,” ಅಂದ.

ಮೂರನೆಯದನ್ನೂ ಬಿಡಲೇಬೇಕೆ ಎಂದು ಕೇಳುವಷ್ಟರಲ್ಲಿ ಯಂತ್ರದ ಸದ್ದು ಏರಿತು, ಏರಿತು, ನಿಂತಿತು. ಗುಂಡು ಬರಲಿಲ್ಲ. ಎರಡನೇ ಸಲವೂ ಬರಲಿಲ್ಲ. ಎಲ್ಲರೂ ಕೊಳವೆಯ ಬಾಯಿ ನೋಡುತ್ತಿದ್ದರು. ನಜ್ಲಾಳ ಮುಖ ಸುಣ್ಣವಾಯಿತು.

ಆಗ ನನ್ನ ಬಾಯಿಂದ ಬಂದೇಬಿಟ್ಟಿತು. “ನಾನು ಮೊದಲೇ ಹೇಳ್ಲಿಲ್ವಾ! ಇದು ಇಹಾಬನದೇ ಕೆಲಸ! ಕಳಪೆ ಪೈಪು ಹಾಕಿದ್ದಾನೆ!”

ಶಾಕಿರ್ ಕುರ್ಚಿಯಿಂದ ಎದ್ದ. “ಹಾಜಿ, ಕೇಳಿದ್ರಲ್ಲ. ಅವರ ಮೇಲ್ವಿಚಾರಕರೇ ಹೇಳ್ತಿದ್ದಾರೆ. ರಸ್ತೆ ರೋಲರ್ ಓಡಿದಾಗ ಕಳಪೆ ಪೈಪು ಅಪ್ಪಚ್ಚಿಯಾಗಿರುತ್ತೆ. ಹೊಸ ಡಾಂಬರು ಅಗೆದು ನೋಡ್ತೀರಾ?”

ಅಗೆಯುವುದಿಲ್ಲ ಅಂದರು ಹಾಜಿ. ಎಲ್ಲ ಗುಂಡಿಗಳ ಮುಚ್ಚಳಕ್ಕೆ ಸಂಘದ ಮೊಹರಿನ ಕಾಗದ ಅಂಟಿಸಿದರು, ಯಾರೂ ಮುಟ್ಟಬಾರದೆಂದು. ಭಾನುವಾರ ಸಭೆ, ಅಲ್ಲೇ ತೀರ್ಮಾನ. ಇಹಾಬ್ ಗೇಟಿನಿಂದ ನಡೆದು ಬಂದು ನನ್ನ ಮಾತನ್ನು ಬೇರೆಯವರ ಬಾಯಿಂದ ಕೇಳಿದ. ನೀಲಿ ಪುಸ್ತಕವನ್ನು ನಜ್ಲಾಳ ಕೈಗೆ ಕೊಟ್ಟು ಬಸ್ಸಿಗೆ ಹೋದ.

ಅಕ್ಟೋಬರ್ 21, ಗುರುವಾರ

ಇಲಿಗಳೂ ಇರಬಹುದು.

ಅಕ್ಟೋಬರ್ 22, ಶುಕ್ರವಾರ

ಸರಿಯಾಗಿ ಯೋಚಿಸಿ ನೋಡಿದೆ. ನಾನು ಹಾಕಿದ್ದು ಬರೀ ಜಿಪ್ಸಂ. ಗಾಳಿಗೆ ಹಾರಿಹೋಗಬೇಕಿತ್ತು. ಹಾರಿಹೋಗಲಿಲ್ಲ ಅಂದರೆ ನನ್ನ ಮುಚ್ಚಳದ ಹಿಂದೆ ಇನ್ಯಾರೋ ಇನ್ನೊಂದು ಮುಚ್ಚಳ ಹಾಕಿರಬೇಕು. ಶಾಕಿರನ ಬೂಟಿಗೆ ಮರಳು ಅಂಟದ್ದೇ ಇದಕ್ಕೆ ಸಾಕ್ಷಿ.

ಇದನ್ನು ಎರಡು ಸಲ ಓದಿದೆ. ಮೂರನೇ ಸಲ ಓದಲಾಗಲಿಲ್ಲ.

ಜುಮ್ಮಾ ಹೊತ್ತಿಗೆ ಜಾಗ ಖಾಲಿಯಿತ್ತು. ಮೊಹರಿನ ಕಾಗದವನ್ನು ಬಿಸಿನೀರಿನ ಹಬೆಗೆ ಹಿಡಿದರೆ ಹರಿಯದೆ ಏಳುತ್ತದೆ. ಬಟ್ಟೆ ತೆಗೆದು, ಕಾಗದ ಮತ್ತೆ ಅಂಟಿಸಿದರೆ ಯಾರಿಗೂ ತಿಳಿಯದು. ಕೆಟಲ್ ಹಿಡಿದು ಎರಡನೇ ಕಟ್ಟಡದವರೆಗೆ ಹೋದೆ. ಅಲ್ಲಿ ಸಂಘದವರು ಇಟ್ಟ ಕಾವಲುಗಾರ ಕೂತಿದ್ದ.

“ಏನು ಉಸ್ತಾ, ಕೆಟಲ್ ಹಿಡ್ಕೊಂಡು?”

“ನಿನಗೆ ಚಹಾ ತಂದೆ ಕಣೋ.”

“ಇದರಲ್ಲಿ ಬರೀ ನೀರಿದೆ.”

“ಪುಡಿ ನಿನ್ನ ಹತ್ರ ಇರುತ್ತೆ ಅಂದ್ಕೊಂಡೆ.”

ಅವನು ಕೆಟಲನ್ನೂ ನೋಡಿದ, ನನ್ನನ್ನೂ ನೋಡಿದ. ನಾನು ಜನರನ್ನು ನೋಡುವ ಹಾಗೆ ನೋಡಿದ. ಹಿಂದಕ್ಕೆ ಬಂದೆ.

ಅಕ್ಟೋಬರ್ 23, ಶನಿವಾರ

ನಜ್ಲಾ ನನ್ನ ಕೋಣೆಗೆ ಬಂದು ಮೂಲೆಯ ಕೇಬಲ್ ಉರುಳೆಯ ಮೇಲೆ ಕೂತಳು. ಮೂರನೆಯ ಕೊಳವೆಗೆ ಬರಬೇಕಿದ್ದ ಎರಡನೇ ಕಂಪನಿಯವರಿಗೆ ಫೋನಿನಲ್ಲಿ ಕ್ಷಮೆ ಕೇಳುತ್ತಿದ್ದಳು. “ಪೈಪು ಒಳ್ಳೇದೇ ಸರ್, ನನಗೂ ಅರ್ಥ ಆಗ್ತಿಲ್ಲ,” ಎಂದು ನಾಲ್ಕು ಸಲ ಹೇಳಿದಳು. ಫೋನಿಟ್ಟು ನನ್ನ ಕಡೆ ತಿರುಗಿದಳು.

“ನೀನೇ ಸರಿ ಇರ್ಬೋದು ಚಿಕ್ಕಪ್ಪ. ಇಹಾಬ್ ಮೇಲೆ ನನಗೂ ಅನುಮಾನ ಬಂದಿದೆ. ಅಂಗಡಿಯಿಂದ ಪೈಪು ತಂದದ್ದು ಅವನೇ ಅಲ್ವಾ?”

ಮೂವತ್ತೊಂದು ವರ್ಷದಲ್ಲಿ ನೀನೇ ಸರಿ ಎಂದು ಯಾರೂ ಹೇಳಿರಲಿಲ್ಲ. ಹೇಳಿದ ದಿನ ಇದು.

ಹೇಳಿದೆ. ಬಟ್ಟೆ, ಜಿಪ್ಸಂ, ಕೋಲು, ಎಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. “ಎಷ್ಟು ಕಡೆ?” ಎಂದು ಮಾತ್ರ ಕೇಳಿದಳು.

ಅಕ್ಟೋಬರ್ 24, ಭಾನುವಾರ

ಕೈ ನೋಯುತ್ತಿದೆ, ಆದರೂ ಬರೆಯಬೇಕು.

ಸಭೆಯಲ್ಲಿ ಎದ್ದು ನಿಂತು, “ಮೂರನೇ ಕೊಳವೆ ಮುಚ್ಚಿದ್ದು ನಾನು,” ಅಂದೆ. ಎಲ್ಲರೂ ನಕ್ಕರು!

ಹಾಜಿ ಫಿಕ್ರಿ ಕಣ್ಣೊರೆಸಿಕೊಂಡು, “ಸೂಯೆಜ್ ಕೇಬಲ್ ಎಳೆದೋರು ನೀವೇ. ರಾಜ್ಯಪಾಲರ ಫೋನ್ ರಿಪೇರಿ ಮಾಡಿದೋರು ನೀವೇ. ಈಗ ಇದೂ ನೀವೇನಾ, ಉಸ್ತಾ?” ಅಂದರು.

“ಸತ್ಯವಾಗ್ಲೂ ನಾನೇ, ಹಾಜಿ.”

“ಬುಧವಾರ ಇಂಜಿನಿಯರ್ ಮಾಡಿದ್ದು ಅಂದ್ರಿ. ಇವತ್ತು ನಾನು ಅಂತೀರಿ. ಹೆಣ್ಣುಮಗಳ ಗುತ್ತಿಗೆ ಉಳಿಸೋಕೆ ಹೇಳ್ತಿದ್ದೀರಿ ಅನ್ನೋದು ನಮಗೆ ಅರ್ಥ ಆಗಲ್ವಾ?”

ಶಾಕಿರ್ ಮೆತ್ತಗೆ, “ಪಾಪ, ವಯಸ್ಸಾಯ್ತು,” ಅಂದ.

ಎಷ್ಟು ಆಣೆ ಹಾಕಿದರೂ ನಂಬಲಿಲ್ಲ. ಮಾಡದ್ದನ್ನೆಲ್ಲ ಮಾಡಿದೆ ಅಂದಾಗ ತಲೆದೂಗಿದ ಜನ, ಮಾಡಿದ್ದನ್ನು ಮಾಡಿದೆ ಅಂದಾಗ ತಲೆ ಅಡ್ಡ ಆಡಿಸಿದರು. ನನ್ನ ಕಳ್ಳತನವನ್ನು ನಾನೇ ಸಾಬೀತು ಮಾಡಬೇಕಾಯಿತು.

“ಮುಚ್ಚಳ ತೆಗೆಸಿ,” ಅಂದೆ. “ಕೈ ಹಾಕೋ ಮೊದಲು ಒಳಗೇನಿದೆ ಅಂತ ನಾನು ಹೇಳ್ತೀನಿ. ತಪ್ಪಿದ್ರೆ ಶಾಕಿರನ ಕಂಪನಿಗೇ ರುಜು ಮಾಡಿ.”

ಹಾಜಿ ಒಂದು ನಿಮಿಷ ನನ್ನನ್ನು ತೂಗಿದರು. ಎದ್ದರು. ಎರಡನೇ ಕಟ್ಟಡದ ಮುಂದೆ ಮೊಹರು ಹರಿದು ಮುಚ್ಚಳ ಎತ್ತಿದಾಗ ನಾನು, “ಕಂದು ಪಟ್ಟೆ, ಬೆನ್ನಿನ ಭಾಗ, ಇಸ್ತ್ರಿ ಸುಟ್ಟ ಗುರುತಿದೆ,” ಅಂದೆ. ಕಾವಲುಗಾರ ಉಳಿಯಿಂದ ಹೊಡೆದು ಹೊಡೆದು ತುಂಡು ತುಂಡಾಗಿ ಹೊರಗೆ ಎಳೆದ. ಜಿಪ್ಸಂ ಕಲ್ಲಾಗಿತ್ತು, ಕೋಲಿನ ಗುದ್ದಿಗೆ ಜಗ್ಗುತ್ತಿರಲಿಲ್ಲ. ಕಂದು ಪಟ್ಟೆ. ಸುಟ್ಟ ಗುರುತು.

ನಾಲ್ಕರ ಮುಂದೆ ಹಸಿರು ಪರದೆ ಅಂದೆ, ಹಸಿರು ಪರದೆ ಬಂತು. ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಏಳರ ಮುಂದೆ ಹಿಟ್ಟಿನ ಚೀಲ. ಒಂಬತ್ತನೆಯದಕ್ಕೆ ಕಾವಲುಗಾರ ಸುಸ್ತಾದ, ನಾನೇ ಗುಂಡಿಗಿಳಿದು ಒಡೆದೆ. ಹಾಜಿ ಬಗ್ಗಿ ಕೊಳವೆಯೊಳಗೆ ಟಾರ್ಚ್ ಬಿಟ್ಟರು. ಗೋಡೆ ಕನ್ನಡಿ ಹಾಗಿತ್ತು.

“ಪೈಪು ಒಡೆದಿಲ್ಲ, ಶಾಕಿರ್ ಸಾಹೇಬ್ರೇ,” ಅಂದರು. “ಪೈಪು ಒಡೆದಿದ್ರೆ ಒಪ್ಪಂದ ಮುರೀತಿತ್ತು. ಬಾಯಿಗೆ ಬಟ್ಟೆ ತುರುಕಿದ್ರೆ ಬಟ್ಟೆ ತೆಗೆದ್ರಾಯ್ತು. ನಾಳೆ ಮತ್ತೆ ಪರೀಕ್ಷೆ.” ಆಮೇಲೆ ನನ್ನ ಕಡೆ ತಿರುಗಿದರು. “ಆದ್ರೆ ಉಸ್ತಾ ಬಯ್ಯೂಮಿ ಇನ್ಮೇಲೆ ಈ ಗೇಟಿನೊಳಗೆ ಕಾಲಿಡೋ ಹಾಗಿಲ್ಲ.”

ಈರುಳ್ಳಿ ಮೂಟೆಯನ್ನೂ ಹಾಸಿಗೆಯನ್ನೂ ಗೇಟಿನಾಚೆ ಸಾಗಿಸಿದ್ದಾಯಿತು. ಇಹಾಬನ ಫೋನ್ ನಂಬರನ್ನು ನಜ್ಲಾಳಿಂದ ತೆಗೆದುಕೊಂಡೆ. ಮೂರು ಸಲ ರಿಂಗಾಯಿತು, ಎತ್ತಿದ. “ನಾಳೆ ಬಾರಪ್ಪ. ನಾನಿರಲ್ಲ,” ಅಂದೆ. ಇನ್ನೇನೋ ಹೇಳಬೇಕೆಂದಿದ್ದೆ, ಲೈನು ಸರಿಯಿರಲಿಲ್ಲ.

ಲೈನು ಸರಿಯಾಗಿಯೇ ಇತ್ತು.

ಅಕ್ಟೋಬರ್ 25, ಸೋಮವಾರ

ಗೇಟಿನ ಹೊರಗೆ ಒಂದು ಖಾಲಿ ಕೇಬಲ್ ಉರುಳೆಯ ಮೇಲೆ ಹತ್ತಿ ನಿಂತು ಗೋಡೆಯಾಚೆ ನೋಡಿದೆ. ಹಾಜಿ ಹೇಳಿದ್ದು ಕಾಲಿಡಬಾರದೆಂದು, ಕಣ್ಣಿಡಬಾರದೆಂದಲ್ಲ. ಯಂತ್ರದ ಸದ್ದು ಏರಿತು. ದೂರದಲ್ಲಿ ಹನ್ನೊಂದನೇ ಕಟ್ಟಡದ ಹತ್ತಿರ ನಜ್ಲಾ ಎರಡೂ ಕೈ ಎತ್ತಿದಳು. ಗುಂಡು ಬಂದಿತ್ತು. ಸಂಜೆಯ ಮುಂಚಿನ ಅಸರ್ ನಮಾಜಿನ ಹೊತ್ತಿಗೆ ಸಂಘದ ರುಜುವೂ ಆಯಿತು. ಶಾಕಿರ್ ಕಾರು ಹತ್ತುವಾಗ ನನಗೆ ಸಲಾಂ ಹೇಳಿದ. ನಾನೂ ಹೇಳಿದೆ. ಅವನ ಬೂಟಿನ ಮೇಲೆ ಮರಳಿತ್ತು. ಮೊದಲೂ ಇತ್ತೋ ಏನೋ.

ಸಂಜೆ ಇಹಾಬ್ ಗೇಟಿನಿಂದ ಹೊರಗೆ ಬಂದ. ಕೈಯಲ್ಲಿ ಪರೀಕ್ಷೆಯ ವರದಿ. ಕೈರೋದ ಎರಡನೇ ಕಂಪನಿಗೆ ಕಳಿಸುವ ಮೊದಲು ನಜ್ಲಾ ನನಗೆ ಓದಿಸಲು ಹೇಳಿದ್ದಳಂತೆ. “ಮೊದಲ ಪರೀಕ್ಷೆ ವಿಫಲವಾದ ಕಾರಣ” ಎಂಬ ಚೌಕದಲ್ಲಿ ಅವನು ಬರೆದಿದ್ದ: ಅಪರಿಚಿತ ವ್ಯಕ್ತಿ ಕೊಳವೆಯ ಬಾಯಿ ಮುಚ್ಚಿದ್ದರಿಂದ.

“ಅಪರಿಚಿತ ಯಾರಯ್ಯ?” ಅಂದೆ.

“ಹಾಗೇ ಇರ್ಲಿ, ಉಸ್ತಾ. ನಿಮ್ಮ ಹೆಸರು ಯಾಕೆ ಕಾಗದಕ್ಕೆ?”

“ಮೂವತ್ತೊಂದು ವರ್ಷ ಕೇಬಲ್ ಎಳೆದೋನು ಅಪರಿಚಿತನಾ? ಕೊಡು ಪೆನ್ನು.”

“ಕೈರೋದೋರು ನಗ್ತಾರೆ.”

“ನಗ್ಲಿ. ಅಪರಿಚಿತ ಅಂತ ಓದಿದೋನ ಕಣ್ಣು ಆಮೇಲೆ ಎಲ್ಲಿಗೆ ಹೋಗುತ್ತೆ ಗೊತ್ತಾ? ಕೆಳಗೆ ಸಹಿ ಮಾಡಿದೋನ ಹೆಸರಿಗೆ. ಕೆಳಗಿರೋದು ನಿನ್ನ ಹೆಸರು. ಅನುಮಾನ ಯಾವ ದಾರಿಲಿ ಹೋಗುತ್ತೆ ಅನ್ನೋದನ್ನ ನನಗೆ ಹೇಳಿಕೊಡ್ಬೇಡ.”

ಅವನು ಪೆನ್ನು ಕೊಟ್ಟ. ಅಪರಿಚಿತನ ಮೇಲೆ ಗೀಟು ಹಾಕಿ, ಬಯ್ಯೂಮಿ ಅಬ್ದುಲ್ ಗಫ್ಫಾರ್ ಶಲಬಿ, ಕೇಬಲ್ ಉಸ್ತಾ, ಟೆಲಿಫೋನ್ ಇಲಾಖೆ (ನಿವೃತ್ತ) ಎಂದು ದಪ್ಪಕ್ಷರದಲ್ಲಿ ಬರೆದೆ. ಶಾಲೆಯಲ್ಲಿ ಕಲಿತ ಅಕ್ಷರ, ಚಿಕ್ಕದಾಗಿ ಬರೆಯಲು ಬಾರದು. ಆ ಚೌಕ ತುಂಬಿತು, ಅಂಚು ತುಂಬಿತು, ಕೆಳಗಿನ ಸಾಲಿಗೂ ಇಳಿಯಿತು.

ಇಹಾಬ್ ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದ, ಆ ಕಡೆ ತಿರುಗಿಸಿ ನೋಡಿದ, ಈ ಕಡೆ ತಿರುಗಿಸಿ ನೋಡಿದ. ಕೊನೆಗೆ ಮೂಲೆಯಲ್ಲಿ, ನನ್ನ ಹೆಸರಿನ ಅಡಿಯಲ್ಲಿ, ಎಲ್ಲೋ ಉಳಿದಿದ್ದ ಬೆರಳಗಲದ ಜಾಗದಲ್ಲಿ ತನ್ನ ಸಹಿ ಹಾಕಿದ.